ಮೇಷ್ಟ್ರು ಮುಳುಗಿದ ದಿನ

ಮಾನ್ಯ ಅಧ್ಯಕ್ಷರೇ, ಬೆಳಗಿನ ರೈಲಿಗೆ ಗಡಿ ದಾಟಿ ಬಂದಿಳಿದ ಅತಿಥಿ ತಂಡದವರೇ, ನಮ್ಮ ಗಾಳ ಸಂಘದ ಹಿರಿಯರೇ, ಆ ಹಿರಿಯರು ಒಂದು ಭಾನುವಾರವೂ ಮನೆಯಲ್ಲಿಲ್ಲದ್ದನ್ನು ಸಹಿಸಿಕೊಂಡು ಬಂದಿರುವ ಅವರ ಮನೆಯವರೇ, ಮತ್ತು ಸಭಿಕರೇ,

ಈ ಮೈಕಿನ ಮುಂದೆ ನಾನು ಬಹಳ ವರ್ಷ ನಿಂತಿದ್ದೇನೆ. ಆದರೆ ಇಲ್ಲಿ ನಿಂತು ನಾನು ‘ನಾನು’ ಎಂದಾಗಲೆಲ್ಲ ಅದು ಬೇರೆ ಯಾರೋ ಆಗಿರುತ್ತಿತ್ತು. ‘ನಾನು ಈ ತೀರ್ಪನ್ನು ಒಪ್ಪುವುದಿಲ್ಲ’ ಎಂದು ಇದೇ ಜಾಗದಲ್ಲಿ ಮೇಜು ಗುದ್ದಿ ಹೇಳಿದ್ದೇನೆ. ಒಪ್ಪದವರು ಪಕ್ಕದಲ್ಲಿ ಕೈಕಟ್ಟಿಕೊಂಡು ನಿಂತಿದ್ದರು. ದುಭಾಷಿಯ ಕೆಲಸವೇ ಹಾಗೆ. ಇವತ್ತು ಮೊದಲ ಸಲ ನನ್ನದೇ ಮಾತನ್ನು ಆಡಬೇಕಾಗಿದೆ. ಅದನ್ನು ಅತಿಥಿಗಳಿಗೆ ತಿಳಿಸಲು ನನ್ನ ಶಿಷ್ಯೆ ಆ ಮೂಲೆಯಲ್ಲಿ ಕುಳಿತಿದ್ದಾಳೆ. ಅವಳ ಮೇಲೆ ಕರುಣೆಯಿಟ್ಟು ನಿಧಾನವಾಗಿಯೇ ಮಾತನಾಡುತ್ತೇನೆ.

ಕಾರ್ಯದರ್ಶಿಗಳು ನನಗೆ ಕೊಟ್ಟಿರುವ ವಿಷಯ ‘ಗಾಳ ಹಾಕುವ ಪದ್ಧತಿಗಳು: ದೇಶದೇಶಗಳ ನಡುವಿನ ಭೇದ’. ವಿಷಯ ದೊಡ್ಡದು. ನನ್ನ ತಿಳಿವಳಿಕೆ ಎಷ್ಟು? ಈ ಸಂಘಕ್ಕೆ ಬರುವ ಮೊದಲು ಮೀನನ್ನು ನಾನು ನೋಡಿದ್ದು ತಟ್ಟೆಯಲ್ಲಿ ಮಾತ್ರ. ನನ್ನ ಕಾಯಂ ಕೆಲಸ ನ್ಯಾಯಾಲಯದಲ್ಲಿ. ಗಡಿಯಾಚೆಯವರು ಯಾವುದಾದರೂ ಮೊಕದ್ದಮೆಯಲ್ಲಿ ಸಿಕ್ಕಿಕೊಂಡರೆ ಅವರ ಮಾತನ್ನು ನ್ಯಾಯಾಧೀಶರಿಗೆ, ನ್ಯಾಯಾಧೀಶರ ಮಾತನ್ನು ಅವರಿಗೆ ದಾಟಿಸುವವಳು ನಾನು. ಒಂದು ದಿನ ಕೋರ್ಟಿನ ಪಡಸಾಲೆಯಲ್ಲಿ ನಮ್ಮ ಕಾರ್ಯದರ್ಶಿಗಳು ನನ್ನನ್ನು ಹುಡುಕಿಕೊಂಡು ಬಂದರು. ಔಷಧಿ ಅಂಗಡಿಯ ಬಿಳಿ ಕೋಟು ಹಾಕಿಕೊಂಡೇ ಬಂದಿದ್ದರಿಂದ ಯಾರಿಗೋ ಏನೋ ಆಗಿದೆ ಎಂದುಕೊಂಡೆ. ಅವರು ಕೇಳಿದ್ದು ಇಷ್ಟೇ: ಎರಡು ದೇಶಗಳ ಸಂಘಗಳು ಸೇರಿ ವರ್ಷಕ್ಕೊಮ್ಮೆ ಪಂದ್ಯ ನಡೆಸಬೇಕೆಂದಿವೆ, ನಿಯಮ ಗೊತ್ತುಮಾಡುವ ಸಭೆಗೆ ದುಭಾಷಿ ಬೇಕು. ನಾನು ಹೂಂ ಎಂದೆ. ಕೊಲೆ ಕೇಸನ್ನೇ ದಾಟಿಸಿದವಳಿಗೆ ಮೀನು ಯಾವ ಲೆಕ್ಕ?

ಆ ಸಭೆ ಅಂಚೆ ಕಚೇರಿಯ ಮಹಡಿಯ ಕೋಣೆಯಲ್ಲಿ ನಡೆಯಿತು. ಮಡಿಸುವ ಕುರ್ಚಿಗಳು, ಕಿಟಕಿಯ ಕೆಳಗೇ ಬಸ್ ನಿಲ್ದಾಣ, ಪ್ರತಿಯೊಂದು ಬಸ್ಸು ಹೊರಟಾಗಲೂ ಮಾತು ನಿಲ್ಲಿಸಬೇಕು. ಅತಿಥಿಗಳ ನಾಯಕರು ವೃತ್ತಿಯಿಂದ ರೈಲು ಚಾಲಕರು. ಇಗೋ, ಮುಂದಿನ ಸಾಲಿನಲ್ಲೇ ಕೂತಿದ್ದಾರೆ, ಆಗ ತಲೆಯಲ್ಲಿ ಕೂದಲಿತ್ತು. ಅವರು ಎದ್ದು ನಿಂತು ತಮ್ಮ ದೇಶದ ಪದ್ಧತಿ ಹೇಳತೊಡಗಿದರು. ಹಿಡಿದ ಮೀನನ್ನು ನೀರಿನಲ್ಲೇ ಬಲೆಚೀಲದೊಳಗೆ ಇಟ್ಟುಕೊಂಡು, ಕೊನೆಯಲ್ಲಿ ತೂಗಿ, ಮತ್ತೆ ನದಿಗೆ ಬಿಡುತ್ತಾರಂತೆ. ನನಗೆ ಗೊತ್ತಿದ್ದದ್ದು ಕೋರ್ಟಿನ ಭಾಷೆ. ‘ಬಂಧಿತ ಮೀನುಗಳನ್ನು ತೂಕದ ತರುವಾಯ ಷರತ್ತಿಲ್ಲದೆ ಬಿಡುಗಡೆ ಮಾಡತಕ್ಕದ್ದು’ ಎಂದೆ. ನಮ್ಮ ಅಧ್ಯಕ್ಷರು ಕೆಮ್ಮಿದರು. ಎರೆ ಹಾಕುವುದಕ್ಕೆ ‘ಆಮಿಷ ಒಡ್ಡುವುದು’ ಎಂದೆ. ಯಾರೋ ನಕ್ಕರು. ಅಲ್ಲಿಯವರೆಗೆ ಎಲ್ಲ ಸಲೀಸಾಗಿತ್ತು.

ಆಮೇಲೆ ಅವರು ಮೀನಿನ ಜಾತಿಗಳಿಗೆ ಬಂದರು. ಅವರ ದೇಶದಲ್ಲಿ ಸಿಹಿನೀರಿನ ಮೀನುಗಳನ್ನು ಎರಡು ಪಂಗಡ ಮಾಡುತ್ತಾರೆ. ತಣ್ಣನೆಯ ಬೆಟ್ಟದ ಹೊಳೆಗಳಲ್ಲಿ ಸಿಗುವ ಕೆಲವು ಮೀನುಗಳಿಗೆ ಒಂದು ಗೌರವದ ಹೆಸರು. ಉಳಿದೆಲ್ಲದಕ್ಕೂ ಇನ್ನೊಂದು ಹೆಸರು. ಆ ಇನ್ನೊಂದು ಪದಕ್ಕೆ ದಿನಬಳಕೆಯಲ್ಲಿ ‘ಒರಟು’ ಎಂದು ಅರ್ಥ. ನಮ್ಮ ನದಿಯಲ್ಲಿ ಎರಡನೆಯ ಪಂಗಡ ಮಾತ್ರ ಇದೆ ಎಂದು ಅವರು ಹೇಳಿದರು. ನಾನು ಪದಕ್ಕೆ ಪದ ಇಟ್ಟೆ: ‘ನಿಮ್ಮ ನದಿಯಲ್ಲಿರುವುದೆಲ್ಲ ಒರಟು ಮೀನುಗಳೇ.’

ಸಂಘದ ಹಳೆಯ ಸದಸ್ಯರಾದ ಬೀಗದ ರಿಪೇರಿಯವರು ಎದ್ದು ನಿಂತರು. ‘ಹಾಗಾದ್ರೆ ಅದನ್ನ ಹಿಡಿಯೋ ನಾವೂ ಒರಟರೇ ಅಂತ ಅವರಿಗೆ ಹೇಳಿ ಮೇಡಂ’ ಎಂದರು. ದುಭಾಷಿಯಾದವಳು ಕೇಳಿದ್ದನ್ನೆಲ್ಲ ಹೇಳಬೇಕು, ಹೆಚ್ಚಿಲ್ಲ ಕಡಿಮೆಯಿಲ್ಲ. ಅದು ನಾವು ಮಾಡಿದ ಪ್ರಮಾಣ. ಹೇಳಿದೆ. ರೈಲು ಚಾಲಕರ ಮುಖ ಕೆಂಪಾಯಿತು. ಅವರ ತಂಡದವರು ಹೊರಡಲು ಟೋಪಿ ಕೈಗೆತ್ತಿಕೊಂಡರು. ನಮ್ಮವರು ಮೀನನ್ನು ಉದ್ದದಲ್ಲಿ ಅಳೆಯುತ್ತಾರೆ, ಅವರು ತೂಕದಲ್ಲಿ. ನಮ್ಮವರು ರೀಲಿರುವ ಗಿಡ್ಡ ಕೋಲು ಹಿಡಿಯುತ್ತಾರೆ, ಅವರು ರೀಲಿಲ್ಲದ ಮಾರುದ್ದದ ಕೋಲು. ನಮ್ಮ ಕೊಕ್ಕೆಗೆ ಸಿಕ್ಕ ಮೀನು ಜಾರದಂತೆ ಒಳಮುಳ್ಳು ಇರುತ್ತದೆ, ಅವರಲ್ಲಿ ಅದು ನಿಷಿದ್ಧ. ಇದ್ಯಾವುದನ್ನೂ ಗೊತ್ತುಮಾಡದೆಯೇ ಸಭೆ ಮುಗಿದುಹೋಯಿತು. ಕಾರ್ಯದರ್ಶಿಗಳು ಹೇಗೋ ಸಮಾಧಾನ ಮಾಡಿ, ಪಂದ್ಯದ ದಿನ ನದಿಯ ದಂಡೆಯಲ್ಲೇ ಉಳಿದದ್ದನ್ನು ಮಾತಾಡೋಣ ಎಂದು ಒಪ್ಪಿಸಿದರು. ಮೆಟ್ಟಿಲಿಳಿಯುವಾಗ ನನ್ನ ಹತ್ತಿರ ಬಂದು, ‘ಮೇಡಂ, ಗಾಳದ ಮಾತುಗಳನ್ನ ಬಲ್ಲವರ ಹತ್ರ ಸ್ವಲ್ಪ ಕೇಳಿ ತಿಳ್ಕೊಂಡ್ರೆ ಒಳ್ಳೇದು’ ಎಂದರು. ಔಷಧಿ ಕೊಡುವಾಗ ಮಾತಾಡುತ್ತಾರಲ್ಲ, ಅದೇ ಮೆತ್ತಗಿನ ದನಿಯಲ್ಲಿ.

ಬಲ್ಲವರು ಯಾರು? ನನಗೆ ಗೊತ್ತಿದ್ದ ಗಾಳದವರು ಒಬ್ಬರೇ, ನಮ್ಮ ಅಪ್ಪ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ, ಕ್ಷಮಿಸಬೇಕು. ಅಪ್ಪ ದರ್ಜಿ. ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಒಬ್ಬರೇ ಇದ್ದರು. ಅಮ್ಮ ತೀರಿಕೊಂಡ ಮೇಲೆ ನಾನು ವಾರಕ್ಕೊಮ್ಮೆ ಹೋಗಿ ಮಾತ್ರೆ ಕೊಟ್ಟು ಬರುತ್ತಿದ್ದೆ. ‘ಊಟ ಆಯ್ತಾ?’ ‘ಆಯ್ತು.’ ‘ಬಾಗಿಲು ಹಾಕ್ಕೊಳ್ಳಿ.’ ನಮ್ಮ ಮಾತು ಅಷ್ಟರಲ್ಲಿ ಮುಗಿಯುತ್ತಿತ್ತು. ಜಗಳವೇನೂ ಆಗಿರಲಿಲ್ಲ. ಅಮ್ಮ ಒಂದು ಚಳಿಗಾಲ ಪೂರ್ತಿ ಆಸ್ಪತ್ರೆಯಲ್ಲಿದ್ದಳು. ಆ ಚಳಿಗಾಲದಲ್ಲೂ ಅಪ್ಪ ಒಂದು ಭಾನುವಾರ ತಪ್ಪಿಸದೆ ಕೋಲು ಹೆಗಲಿಗೇರಿಸಿ ನದಿಗೆ ಹೋದರು. ಹಗಲೆಲ್ಲ ಆ ಕಬ್ಬಿಣದ ಮಂಚದ ಪಕ್ಕ ಕೂತಿರುತ್ತಿದ್ದವಳು ನಾನು. ‘ಯಜಮಾನ್ರು ಎಲ್ಲಿ?’ ಎಂದು ನರ್ಸ್ ಕೇಳಿದರೆ, ‘ಕೆಲಸದ ಮೇಲೆ ಹೋಗಿದ್ದಾರೆ’ ಎನ್ನುತ್ತಿದ್ದೆ. ಸಂಜೆ ಅಪ್ಪ ಒದ್ದೆ ಬೂಟಿನಲ್ಲಿ ಬರುತ್ತಿದ್ದರು, ನಾನು ಕೋಟು ಹಾಕಿಕೊಂಡು ಹೊರಡುತ್ತಿದ್ದೆ. ಅಮ್ಮ ಹೋದಳು. ಆ ಒದ್ದೆ ಬೂಟು ಮಾತ್ರ ನನ್ನ ಮನಸ್ಸಿನಲ್ಲಿ ಉಳಿದುಕೊಂಡಿತು.

ನನ್ನ ಶಿಷ್ಯೆ ನನ್ನನ್ನೇ ನೋಡುತ್ತಿದ್ದಾಳೆ, ಇದನ್ನೂ ಹೇಳಬೇಕಾ ಎಂದು. ಹೇಳಮ್ಮ, ಎಲ್ಲವನ್ನೂ ಹೇಳು.

ಅಂತೂ ಮೇಲಕ್ಕೆ ಹೋದೆ. ಅಪ್ಪ ಯಾರದೋ ಪ್ಯಾಂಟಿನ ಅಂಚು ಮಡಚುತ್ತಿದ್ದರು. ಗಾಳ ಹಾಕುವುದನ್ನು ಹೇಳಿಕೊಡ್ತೀರಾ ಎಂದು ಕೇಳಿದೆ. ಕನ್ನಡಕದ ಮೇಲಿನಿಂದ ನೋಡಿ, ಯಾರಿಗೆ ಎಂದರು. ನನಗೆ ಎಂದೆ. ಕೋರ್ಟಿಗೆ ಬೇಕಾಯಿತಾ ಎಂದರು. ಅಲ್ಲ, ಸಂಘಕ್ಕೆ ಎಂದೆ. ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟರು.

‘ಭಾನುವಾರ ಬಾ. ಸದ್ದು ಮಾಡದ ಚಪ್ಪಲಿ ಹಾಕ್ಕೊಂಡು ಬಾ’ ಎಂದರು.

ಪಂದ್ಯಕ್ಕೆ ಮುಂಚಿನ ಭಾನುವಾರಗಳೆಲ್ಲ ಹಾಗೆ ನದಿಯ ದಂಡೆಯಲ್ಲಿ ಕಳೆದವು. ಅಪ್ಪ ಅಷ್ಟು ಮಾತಾಡಬಲ್ಲರು ಎಂದು ನನಗೆ ಗೊತ್ತೇ ಇರಲಿಲ್ಲ. ದಾರದ ಮೇಲೆ ತೇಲುವ ಕೆಂಪು ಬೆಂಡನ್ನು ತೋರಿಸಿ, ಇವರು ಮೇಷ್ಟ್ರು ಎಂದರು. ನೆಟ್ಟಗೆ ನಿಂತು ಎಲ್ಲರನ್ನೂ ನೋಡುತ್ತಿರುತ್ತಾರೆ, ಅವರು ಕಾಣದಾದ ಕೂಡಲೇ ಗಲಾಟೆ ಶುರು. ಕೊಕ್ಕೆಗೆ ಸಿಕ್ಕದೆ ಎರೆಯನ್ನು ಮಾತ್ರ ತಿಂದು ಹೋಗುವ ಚಿಕ್ಕ ಮೀನುಗಳು ನೆಂಟರು. ಒಂದು ಸಲ ಮೇಲೆ ಬಂದು ಮುಖ ತೋರಿಸಿ ಮತ್ತೆ ಕಾಣಿಸದ ದೊಡ್ಡ ಮೀನು ಮಂತ್ರಿ. ದಾರ ಸಿಕ್ಕು ಬಿದ್ದರೆ, ಸಂಸಾರ ಆಯಿತು. ಮೀನನ್ನು ಎತ್ತಿಕೊಳ್ಳುವ ಹಿಡಿಕೆಯ ಬಲೆಗೆ ಅತ್ತಿಗೆ. ಯಾಕೆ ಅತ್ತಿಗೆ ಎಂದು ಕೇಳಿದೆನೇ? ಇಲ್ಲ. ನ್ಯಾಯಾಲಯದಲ್ಲಿ ವೈದ್ಯರು ಬಂದರೆ ಒಂದು ಭಾಷೆ, ಎಂಜಿನಿಯರು ಬಂದರೆ ಇನ್ನೊಂದು. ಗಾಳದವರದ್ದು ಹೀಗಿರಬೇಕು ಎಂದುಕೊಂಡು, ಬಾಯಿಪಾಠ ಮಾಡಿಕೊಂಡೆ. ಬಸ್ಸಿನಲ್ಲಿ, ಸ್ನಾನದ ಮನೆಯಲ್ಲಿ, ಕೋರ್ಟಿನ ಊಟದ ಬಿಡುವಿನಲ್ಲಿ, ಮೇಷ್ಟ್ರು, ನೆಂಟರು, ಸಂಸಾರ, ಅತ್ತಿಗೆ.

ಪಂದ್ಯದ ದಿನ ಬಂತು. ದಂಡೆಯ ಉದ್ದಕ್ಕೂ ಎರಡೂ ದೇಶದವರು ಪೆಟ್ಟಿಗೆಗಳ ಮೇಲೆ ಕೂತಿದ್ದರು. ಒಂದು ಕಡೆಯಿಂದ ಮಾತಾಡಿದರೆ ಇನ್ನೊಂದು ಕಡೆಗೆ ಕೇಳುವುದಿಲ್ಲವೆಂದು ನನ್ನ ಕೈಗೆ ಧ್ವನಿವರ್ಧಕ ಕೊಟ್ಟಿದ್ದರು. ರೈಲು ಚಾಲಕರು ಇನ್ನೂ ಬಿಗುಮಾನದಲ್ಲೇ ಇದ್ದರು. ತಮ್ಮ ಕಡೆಯ ಕ್ರಮವನ್ನು ಚುಟುಕಾಗಿ ಹೇಳಿದರು. ನಾನು ಗಂಟಲು ಸರಿಮಾಡಿಕೊಂಡು, ಇಡೀ ನದಿಗೆ ಕೇಳುವಂತೆ ಸಾರಿದೆ:

‘ಅತಿಥಿಗಳು ಹೇಳುತ್ತಿದ್ದಾರೆ. ಮೇಷ್ಟ್ರು ಎರಡು ಸಲ ಮುಳುಗುವವರೆಗೂ ಅವರಲ್ಲಿ ಯಾರೂ ಕೈಯೆತ್ತುವುದಿಲ್ಲ. ಮೊದಲ ಸಲ ಮುಳುಗಿಸುವವರು ಸಾಮಾನ್ಯವಾಗಿ ನೆಂಟರೇ ಆಗಿರುತ್ತಾರೆ. ಸಂಸಾರವಾದರೆ ಪಕ್ಕದವರನ್ನು ಕರೆಯಬಹುದು. ಆದರೆ ಕೇಳದೆ ಯಾರೂ ತಮ್ಮ ಅತ್ತಿಗೆಯನ್ನು ತರಕೂಡದು.’

ಸಭಿಕರೇ, ನಮ್ಮ ಸಂಘದಲ್ಲಿ ನಿಜವಾದ ಮೇಷ್ಟ್ರೊಬ್ಬರು ಇದ್ದಾರೆ. ಅವರು ಆ ಹೊತ್ತಿಗೆ ಫ್ಲಾಸ್ಕು ತರಲು ಕಾರಿನ ಹತ್ತಿರ ಹೋಗಿದ್ದರು. ಅವರ ಪೆಟ್ಟಿಗೆ ಖಾಲಿ, ಕೋಲು ಅನಾಥವಾಗಿ ನೀರಿಗೆ ಬಾಗಿದೆ. ಅವರ ಮನೆಯವರು ‘ಅಯ್ಯೋ, ನಮ್ಮೋರೆಲ್ಲಿ?’ ಎಂದು ಎದ್ದು ನಿಂತರು. ಬೀಗದ ರಿಪೇರಿಯವರು ಅರೆಗಳಿಗೆಯಲ್ಲಿ ಬೂಟು ಕಿತ್ತೆಸೆದು ಮೊಣಕಾಲುದ್ದ ನೀರಿಗಿಳಿದರು. ಯಾರೋ ಹಗ್ಗ ಹಗ್ಗ ಎಂದು ಕೂಗಿದರು. ಇವರೇಕೆ ಓಡುತ್ತಿದ್ದಾರೆಂದು ತಿಳಿಯದೆ ಅತಿಥಿಗಳೂ ಓಡಿದರು. ಅಷ್ಟರಲ್ಲಿ ಮೇಷ್ಟ್ರು ಫ್ಲಾಸ್ಕು ಹಿಡಿದು ಪೊದೆಯ ಹಿಂದಿನಿಂದ ಬಂದು, ಯಾರು ಮುಳುಗಿದ್ದು ಎಂದು ತಾವೂ ಇಣುಕಿ ನೋಡಿದರು.

ನೀವೀಗ ನಗುತ್ತೀರಿ. ಆಗ ನನಗೆ ಭೂಮಿ ಬಾಯಿಬಿಟ್ಟರೆ ಸಾಕೆನಿಸಿತ್ತು. ಬೆಂಡಿಗೆ ಬೆಂಡು ಅಂತಾರೆ ಮೇಡಂ, ಬಲೆಗೆ ಬಲೆ ಅಂತಾರೆ, ಎಂದು ಕಾರ್ಯದರ್ಶಿಗಳು ಒಂದೊಂದಾಗಿ ಬಿಡಿಸಿ ಹೇಳಿದರು. ನಾನು ಏನು ಹೇಳಿದೆನೆಂದು ರೈಲು ಚಾಲಕರು ಕೇಳಿದರು. ಅವರ ಭಾಷೆಯಲ್ಲಿ ಒಪ್ಪಿಸಿದೆ. ಅವರು ನಕ್ಕು ನಕ್ಕು ಪೆಟ್ಟಿಗೆಯ ಮೇಲೆ ಕುಸಿದು ಕೂತರು. ಕಣ್ಣೊರೆಸಿಕೊಂಡು, ಈ ಮಾತು ಯಾವ ಪ್ರಾಂತದ್ದು ಎಂದು ಕೇಳಿದರು. ನಮ್ಮ ಮನೆಯದು ಎಂದೆ. ಹಿಂದಿನ ಸಭೆಯಲ್ಲಿ ಎದ್ದಿದ್ದ ಗೋಡೆ ಆ ನಗುವಿನಲ್ಲಿ ಬಿದ್ದುಹೋಯಿತು. ಉದ್ದವೋ ತೂಕವೋ ಎಂಬ ಪ್ರಶ್ನೆಯನ್ನು ಬೀಗದ ರಿಪೇರಿಯವರೇ ಒದ್ದೆ ಪ್ಯಾಂಟಿನಲ್ಲಿ ನಿಂತು ಬಗೆಹರಿಸಿದರು: ಈ ವರ್ಷ ಅವರ ಕ್ರಮ, ಬರುವ ವರ್ಷ ನಮ್ಮದು.

ನನಗೆ ಮಾತ್ರ ಸಿಟ್ಟು ಇಳಿದಿರಲಿಲ್ಲ. ಸಂಜೆ ನೇರವಾಗಿ ಅಪ್ಪನ ಹತ್ತಿರ ಹೋದೆ. ಅವರು ಇಸ್ತ್ರಿ ಮಾಡುತ್ತಿದ್ದರು.

‘ಅಪ್ಪಾ, ಬೆಂಡಿಗೆ ಮೇಷ್ಟ್ರು ಅಂತ ಯಾರು ಅಂತಾರೆ?’

‘ನಾವು.’

‘ನಾವು ಅಂದ್ರೆ ಯಾರು?’

‘ನಾನು, ನಿಮ್ಮಮ್ಮ.’

ದಂಡೆಯಲ್ಲಿ ನಡೆದದ್ದನ್ನೆಲ್ಲ ಹೇಳಿದೆ. ಅಪ್ಪ ನಕ್ಕರು. ಅಮ್ಮ ಹೋದ ಮೇಲೆ ಅವರು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಆಮೇಲೆ ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿ ವಿಷಯ ಹೇಳಿದರು. ಆ ಹೆಸರುಗಳೆಲ್ಲ ಅಮ್ಮ ಇಟ್ಟವು. ಮದುವೆಯಾದ ಹೊಸದರಲ್ಲಿ ಅವಳೂ ನದಿಗೆ ಹೋಗುತ್ತಿದ್ದಳಂತೆ. ಅಮ್ಮನ ಅಣ್ಣನ ಹೆಂಡತಿಗೆ, ಮನೆಗೆ ಏನು ಬಂದರೂ ಎರಡೂ ಕೈ ಚಾಚಿ ಬಾಚಿಕೊಳ್ಳುವ ಅಭ್ಯಾಸವಿತ್ತು, ಅದಕ್ಕೇ ಬಲೆಗೆ ಅತ್ತಿಗೆ. ನಾನು ಹುಟ್ಟಿದ ಮೇಲೆ ಅಮ್ಮ ಮನೆಯಲ್ಲಿ ಉಳಿದಳು. ಆದರೆ ಪ್ರತಿ ಭಾನುವಾರ ಸಂಜೆ ಅವಳಿಗೆ ಇಡೀ ದಿನದ ವರದಿ ಒಪ್ಪಿಸಬೇಕಿತ್ತು. ಮೇಷ್ಟ್ರು ಎಷ್ಟು ಸಲ ಮುಳುಗಿದರು, ನೆಂಟರು ಎಷ್ಟು ತಿಂದರು, ಮಂತ್ರಿಯ ದರ್ಶನವಾಯಿತೇ. ಗಂಡ ಹೆಂಡತಿ ಈ ಭಾಷೆಯನ್ನು ಅಡುಗೆಮನೆಯಲ್ಲಿ ಆಡುತ್ತಿದ್ದರು. ನಾನು ಪಕ್ಕದ ಕೋಣೆಯಲ್ಲಿ ಪರಭಾಷೆಯ ವ್ಯಾಕರಣ ಓದುತ್ತಿದ್ದೆ.

‘ಆಸ್ಪತ್ರೆಯಲ್ಲಿದ್ದಾಗಲೂ?’ ಎಂದು ಕೇಳಿದೆ.

‘ಅವಳೇ ಅಟ್ತಿದ್ಲು. ಇಲ್ಲಿ ಕೂತು ಆ ಬಾಟ್ಲಿ ತೊಟ್ಟಿಕ್ಕೋದನ್ನ ನೋಡಿ ಏನು ಮಾಡ್ತೀರಿ, ಹೋಗಿ ಬನ್ನಿ, ಸಂಜೆ ಹೇಳೋಕೆ ಏನಾದ್ರೂ ತನ್ನಿ ಅಂತಿದ್ಲು.’

‘ಮೀನು ಸಿಕ್ಕದಿದ್ರೆ?’

‘ಸಿಕ್ಕದ ದಿನ ಹೇಳೋಕೆ ಜಾಸ್ತಿ ಇರ್ತಿತ್ತು.’

‘ನನಗೆ ಇದ್ಯಾವುದೂ ಗೊತ್ತೇ ಆಗ್ಲಿಲ್ಲವಲ್ಲ ಅಪ್ಪಾ.’

‘ನಾನು ಬರೋ ಹೊತ್ತಿಗೆ ನೀನು ಕೋಟು ಹಾಕ್ಕೊಂಡಾಗಿರ್ತಿತ್ತು.’

ಅಷ್ಟು ಹೇಳಿ ಮತ್ತೆ ಇಸ್ತ್ರಿ ಪೆಟ್ಟಿಗೆ ಎತ್ತಿಕೊಂಡರು. ನಾನು ಅಲ್ಲೇ ಬಟ್ಟೆಯ ಗಂಟಿನ ಪಕ್ಕ ಬಹಳ ಹೊತ್ತು ಕೂತಿದ್ದೆ. ಎಷ್ಟೋ ಗಂಡಹೆಂಡಿರ ಮಾತನ್ನು ನ್ಯಾಯಾಧೀಶರ ಮುಂದೆ ದಾಟಿಸಿದವಳು ನಾನು. ನಮ್ಮ ಮನೆಯ ಇಬ್ಬರು ಇಡೀ ಚಳಿಗಾಲ ಏನು ಮಾತಾಡಿಕೊಂಡರು ಎಂದು ನನಗೆ ತಿಳಿದದ್ದು ಆ ಸಂಜೆ. ಅವತ್ತು ಮನೆಗೆ ಹೊರಡುವಾಗ ಊಟ ಆಯ್ತಾ ಎಂದು ಕೇಳಲಿಲ್ಲ. ಅಲ್ಲೇ ಅವರ ಜೊತೆಗೇ ಊಟ ಮಾಡಿದ್ದೆ.

ವಿಷಯಕ್ಕೆ ಬರುತ್ತೇನೆ. ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ.

ಮರುವರ್ಷ ರೈಲು ಚಾಲಕರು, ಆ ಹೆಸರುಗಳನ್ನಿಟ್ಟವರ ಗಂಡನನ್ನು ಕರೆತರಬೇಕೆಂದು ಮೊದಲೇ ಹೇಳಿ ಕಳುಹಿಸಿದ್ದರು. ಅಪ್ಪ ಯಾವ ಸಂಘಕ್ಕೂ ಸೇರಿದವರಲ್ಲ, ಆದರೂ ಬಂದರು. ಇಬ್ಬರನ್ನೂ ಅಕ್ಕಪಕ್ಕ ಕೂರಿಸಿ ನಡುವೆ ನಾನು ನಿಂತೆ. ಈಗ ಕೇಳಿ, ದೇಶದೇಶಗಳ ಭೇದ. ನಮ್ಮಲ್ಲಿ ದಂಡೆಯ ಮೇಲೆ ಹಾದುಹೋಗುವವರು ‘ಏನಾದ್ರೂ ಬಿತ್ತಾ?’ ಎಂದು ಕೇಳುವುದು ಮರ್ಯಾದೆ. ಕೇಳದೆ ಹೋದರೆ ಸೊಕ್ಕು. ಅವರಲ್ಲಿ ಹಾಗೆ ಕೇಳಿದರೆ ಅಪಚಾರ. ಬಂದವರು ಸುಮ್ಮನೆ ನಿಂತು ನೀರನ್ನು ನೋಡಿ ಸುಮ್ಮನೆ ಹೋಗಬೇಕು. ಜೊತೆಗೆ ಕೂತವರೂ ಅಷ್ಟೆ, ಎಷ್ಟು ಮೌನವೋ ಅಷ್ಟು ಗೌರವ. ಒಮ್ಮೆ ಮೂರನೆಯ ದೇಶದಿಂದ ಒಂದು ತಂಡ ಬಂದಿತ್ತಲ್ಲ, ನೆನಪಿರಬಹುದು. ಅವರಲ್ಲಿ ದಿನದ ಮೊದಲ ಮೀನನ್ನು ಎಡಕ್ಕೆ ಕೂತವನಿಗೆ ಕೊಟ್ಟುಬಿಡಬೇಕು. ನಮ್ಮ ಕೋಶಾಧಿಕಾರಿಗಳು ಅವತ್ತು ಬೆಳಗಿನಿಂದ ಸಂಜೆಯವರೆಗೆ ಜಾಗ ಬದಲಾಯಿಸುತ್ತಲೇ ಇದ್ದರು.

ಅಪ್ಪ ಮಾತಾಡಿದರು, ರೈಲು ಚಾಲಕರು ತಲೆಯಾಡಿಸಿದರು. ಅಪ್ಪ ಮತ್ತೆ ಮಾತಾಡಿದರು, ಅವರು ನೀರು ನೋಡಿದರು. ಸ್ವಲ್ಪ ಹೊತ್ತಾದ ಮೇಲೆ ಅಪ್ಪ ನನ್ನ ಕಿವಿಯಲ್ಲಿ, ‘ಇವರಿಗೆ ನನ್ನ ಮೇಲೆ ಏನೋ ಸಿಟ್ಟು’ ಎಂದರು. ಸಿಟ್ಟಲ್ಲ, ಅದು ಅವರ ಮರ್ಯಾದೆ ಎಂದು ಬಿಡಿಸಿ ಹೇಳಿದೆ. ಹಾಗಾದರೆ ನೀನ್ಯಾಕೆ ನಡುವೆ ನಿಂತು ವಟಗುಡುತ್ತಿದ್ದೀಯ ಎಂದು ನನ್ನನ್ನು ಆಚೆ ಕಳುಹಿಸಿದರು. ನಾನು ಮೇಲಿನ ಕಟ್ಟೆಯಲ್ಲಿ ಕೂತೆ. ಮಧ್ಯಾಹ್ನ ದಾಟಿದ ಮೇಲೆ ರೈಲು ಚಾಲಕರ ಕೋಲು ಬಿಲ್ಲಿನಂತೆ ಬಾಗಿತು. ಅವರು ತಿರುಗಿ ಅಪ್ಪನಿಗೆ ಕೂಗಿದ್ದು ಒಂದೇ ಪದ, ನಮ್ಮ ಭಾಷೆಯಲ್ಲಿ, ತಮ್ಮ ದೇಶದ ನಾಲಿಗೆಯಲ್ಲಿ: ‘ಅತ್ತಿಗೆ!’ ಅಪ್ಪ ಬಲೆ ಹಿಡಿದು ಓಡಿದರು.

ಅದಾದ ಮೇಲೆ ಅಪ್ಪನಿಗೂ ಒಂದು ದೊಡ್ಡದು ಸಿಕ್ಕಿತು. ಆ ವರ್ಷ ನಮ್ಮ ಕ್ರಮದ ಸರದಿ, ಹಿಡಿದದ್ದನ್ನು ಮನೆಗೆ ಒಯ್ಯಬಹುದಿತ್ತು. ಅಪ್ಪ ಜೀವಮಾನದಲ್ಲಿ ಹಿಡಿದ ಮೀನನ್ನು ಬಿಟ್ಟವರಲ್ಲ. ಅದನ್ನು ಅಳೆಸಿ, ಕೈಯಲ್ಲಿ ಹಿಡಿದು ನಿಂತರು. ‘ಮನೆಗೆ ಒಯ್ದು ಯಾರಿಗೆ ತೋರಿಸ್ಲಿ’ ಎಂದರು. ಯಾರಿಗೂ ಹೇಳಿದ್ದಲ್ಲ ಅದು. ನಾನು ಕಟ್ಟೆಯಿಂದ ಇಳಿದು ಬಂದಿದ್ದೆ. ‘ನನಗೆ ತೋರ್ಸಿ ಅಪ್ಪಾ’ ಎಂದೆ. ರೈಲು ಚಾಲಕರು ಅಪ್ಪನ ಕೈಗಳ ಮೇಲೆ ನೀರು ಹುಯ್ದರು. ಒಣಗೈ ತಾಗಿದರೆ ಮೀನಿನ ಮೈಮೇಲಿನ ಪೊರೆ ಹೋಗುತ್ತದೆಂಬುದು ಅವರ ಶಾಸ್ತ್ರ. ನಾನು ತಲೆಯಿಂದ ಬಾಲದವರೆಗೆ ನೋಡಿ ಮುಗಿಸುವವರೆಗೆ ಅಪ್ಪ ಅದನ್ನು ಹಿಡಿದುಕೊಂಡಿದ್ದರು. ಆಮೇಲೆ ಬಗ್ಗಿ ನೀರಿಗೆ ಬಿಟ್ಟರು.

ಅಲ್ಲಿಂದ ಈಚೆಗೆ ನಡೆದದ್ದು ನಿಮಗೇ ಗೊತ್ತು. ಈಗ ನಮ್ಮ ಸಂಘದಲ್ಲಿ ಯಾರಾದರೂ ಬೆಂಡಿಗೆ ಬೆಂಡು ಎಂದರೆ ಅವರು ಹೊಸ ಸದಸ್ಯರೆಂದೇ ಲೆಕ್ಕ. ಗಡಿಯಾಚೆಯ ಸಂಘದಲ್ಲೂ ನಾಲ್ಕಾರು ಜನ ಬಲೆಗೆ ಅತ್ತಿಗೆ ಎನ್ನುತ್ತಾರಂತೆ, ಪದದ ಅರ್ಥ ಗೊತ್ತಿಲ್ಲದೆ. ಅದನ್ನು ಹುಟ್ಟಿಸಿದವಳು ಯಾವ ಸಂಘದ ಸದಸ್ಯೆಯೂ ಆಗಿರಲಿಲ್ಲ. ಇವತ್ತು ಸನ್ಮಾನವೆಂದು ನನಗೆ ಈ ಫಲಕ ಕೊಟ್ಟಿದ್ದೀರಿ, ತಕರಾರಿಲ್ಲದೆ ಇಟ್ಟುಕೊಳ್ಳುತ್ತೇನೆ. ಆದರೆ ಈ ಮಾತೂ ಅದರ ಜೊತೆ ಇರಲಿ ಎಂದು ಹೇಳಿದೆ.

ಅಪ್ಪ ಇವತ್ತು ಇಲ್ಲಿಲ್ಲ. ಹೋದ ತಿಂಗಳು ಮೆಟ್ಟಿಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡು ಆಸ್ಪತ್ರೆಯಲ್ಲಿದ್ದಾರೆ. ವಯಸ್ಸಾಗಿದೆ, ವೈದ್ಯರು ಏನನ್ನೂ ಖಚಿತವಾಗಿ ಹೇಳುತ್ತಿಲ್ಲ. ಮೊದಲ ವಾರ ನಾನು ಮಂಚದ ಪಕ್ಕ ಕೂತೇ ಇದ್ದೆ. ಎರಡನೆಯ ವಾರ ಅವರು ನನ್ನನ್ನು ಅಟ್ಟಿದರು. ಈಗ ಭಾನುವಾರ ಬೆಳಗ್ಗೆ ಅವರ ಕೋಲು ಹಿಡಿದು ನದಿಗೆ ಹೋಗುತ್ತೇನೆ. ಅಪ್ಪ ಆಸ್ಪತ್ರೆಯಲ್ಲಿ ಮಲಗಿರುವಾಗ ಮಗಳಿಗೆ ಮೀನಿನ ಚಪಲ ಎಂದು ನಾನಿರುವ ಮನೆಯ ಕೆಳಗಿನವರು ಆಡಿಕೊಂಡದ್ದು ನನ್ನ ಕಿವಿಗೂ ಬಿತ್ತು. ಇದುವರೆಗೆ ಒಂದು ಮೀನೂ ಬಿದ್ದಿಲ್ಲ. ಸಂಜೆ ಹೋಗಿ ಹೇಳುವುದಂತೂ ಬೇಕಾದಷ್ಟು ಇರುತ್ತದೆ. ಅವರು ಕಣ್ಣು ಮುಚ್ಚಿಕೊಂಡು ಕೇಳುತ್ತಾರೆ, ತಪ್ಪು ಪದ ಹಾಕಿದರೆ ಕಣ್ಣು ತೆರೆಯುತ್ತಾರೆ.

ಇವತ್ತಿನ ಸಭೆಗೂ ಅವರೇ ಕಳುಹಿಸಿದ್ದು. ಯಾರ್ಯಾರು ಬಂದಿದ್ದರು, ಮೈಕು ಕೈಕೊಟ್ಟಿತೇ, ಅಧ್ಯಕ್ಷರು ನಿದ್ದೆ ಹೋದರೇ, ರೈಲು ಚಾಲಕರು ಹೇಗಿದ್ದಾರೆ, ಎಲ್ಲವನ್ನೂ ನೋಡಿಕೊಂಡು ಬಾ ಎಂದಿದ್ದಾರೆ. ಆಸ್ಪತ್ರೆಯಲ್ಲಿ ನೋಡಲು ಬಿಡುವ ವೇಳೆ ಸಂಜೆ ಬೇಗ ಮುಗಿಯುತ್ತದೆ, ಕೆಳಗಿನ ನಿಲ್ದಾಣದಿಂದ ಬಸ್ಸು ಈಗಲೇ ಹಿಡಿಯಬೇಕು. ಆದ್ದರಿಂದ ಚಹಾಕ್ಕೆ ನಿಲ್ಲುವುದಿಲ್ಲ. ರೈಲು ಚಾಲಕರು ಎದ್ದು ಕೋಟು ಹಾಕಿಕೊಳ್ಳುತ್ತಿರುವುದು ಕಾಣುತ್ತಿದೆ. ಅವರೂ ಬರುವವರಿದ್ದರೆ ಬರಲಿ, ಸೀಟು ಸಿಗುತ್ತದೆ.

ನನ್ನ ತಪ್ಪು ಪದಗಳನ್ನು ಇಷ್ಟು ವರ್ಷ ತಾಳಿಕೊಂಡ ಎರಡೂ ದೇಶದವರಿಗೆ, ನೀರಿಗಿಳಿದ ಬೀಗದ ರಿಪೇರಿಯವರಿಗೆ, ಮುಳುಗದೆ ಉಳಿದ ಮೇಷ್ಟ್ರಿಗೆ, ಇಷ್ಟನ್ನೂ ಏನೂ ಬಿಡದೆ ದಾಟಿಸಿದ ನನ್ನ ಶಿಷ್ಯೆಗೆ ನಾನು ಋಣಿ. ಹೊರಡುತ್ತೇನೆ. ಎಲ್ಲರಿಗೂ ನಮಸ್ಕಾರ.